ಖಾಲಿ ಪೀಠದ ಶನಿವಾರ

ಕ್ರೈಸ್ತರ ಪಂಚಾಂಗದಲ್ಲಿ ಏನೂ ನಡೆಯದ ದಿನವೊಂದಿದೆ. ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ನಡುವೆ ಬರುವ ಶನಿವಾರ. ಗುರುವಾರ ರಾತ್ರಿಯೇ ಬಲಿಪೀಠದ ವಸ್ತ್ರ, ಹೂವು, ಮೇಣದಬತ್ತಿಗಳನ್ನೆಲ್ಲ ತೆಗೆದಿರುತ್ತಾರೆ. ಪರಮಪ್ರಸಾದ ಇಡುವ ಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ. ಒಳಗೇನೂ ಇಲ್ಲವೆಂದು ಯಾರು ಬೇಕಾದರೂ ನೋಡಬಹುದು. ಗಂಟೆ ಬಾರಿಸುವಂತಿಲ್ಲ. ಅದರ ಬದಲು ಮರದ ಹಲಗೆ ಬಡಿಯುವ ಹಳೆಯ ಪದ್ಧತಿ ಕೆಲವು ಇಗರ್ಜಿಗಳಲ್ಲಿ ಇನ್ನೂ ಉಳಿದಿದೆ. ವರ್ಷವಿಡೀ ದಿನ ತಪ್ಪದೆ ಬಲಿಪೂಜೆ ಅರ್ಪಿಸುವ ಕಥೊಲಿಕ ಧರ್ಮಸಭೆ ಶುಕ್ರವಾರ ಇಡೀ ದಿನ ಮತ್ತು ಶನಿವಾರ ಕತ್ತಲಾಗುವವರೆಗೆ ಅದನ್ನು ನಿಲ್ಲಿಸಿಬಿಡುತ್ತದೆ. ಆ ಹೊತ್ತಿನಲ್ಲಿ ಒಳಗೆ ಹೋದರೆ ಕಾಣುವುದು ಬರಿಯ ಕಲ್ಲು, ಮರ, ಖಾಲಿ ಬೆಂಚುಗಳು.

ಆರಾಧನೆಯಿಂದ ಭರವಸೆ ಬರುತ್ತದೆಯೇ, ಬರುವುದಾದರೆ ಹೇಗೆ ಎಂದು ಕೇಳಿದರೆ ಹೆಚ್ಚಿನವರು ಭಾನುವಾರದ ಕಡೆ ಬೆರಳು ತೋರಿಸುತ್ತಾರೆ: ಹಾಡು, ಹೂವು, ಹೊಸ ಬಟ್ಟೆ, ಜಯಘೋಷ. ನಾನು ಈ ಶನಿವಾರದಿಂದ ಶುರುಮಾಡಬೇಕೆನ್ನುತ್ತೇನೆ. ಮನುಷ್ಯರ ಬದುಕಿನ ಬಹುಪಾಲು ಕಳೆಯುವುದು ಇಂಥ ಶನಿವಾರದಲ್ಲೇ. ಕೆಟ್ಟದ್ದು ಆಗಿಹೋಗಿದೆ, ಒಳ್ಳೆಯದು ಇನ್ನೂ ಬಂದಿಲ್ಲ. ಆಸ್ಪತ್ರೆಯ ವರದಿ ಕೈಯಲ್ಲಿದೆ, ಮುಂದೇನೆಂದು ಯಾರೂ ಬಾಯಿಬಿಡುತ್ತಿಲ್ಲ. ಈ ಹೊತ್ತನ್ನು ಮುಚ್ಚಿಡದೆ, ಅವಸರದಿಂದ ದಾಟಿಸದೆ, ಅದಕ್ಕೊಂದು ದಿನವನ್ನೂ ಒಂದು ರೂಪವನ್ನೂ ಕೊಟ್ಟಿರುವುದರಿಂದಲೇ ಕ್ರೈಸ್ತ ಆರಾಧನೆ ಭರವಸೆ ಕೊಡಬಲ್ಲದು. ಅದನ್ನು ಕೈಬಿಟ್ಟ ಆರಾಧನೆ ಉತ್ಸಾಹವನ್ನು ಕೊಟ್ಟೀತು. ಅದು ಸೋಮವಾರದ ಮಧ್ಯಾಹ್ನದವರೆಗೆ ಬಾಳಿಕೆ ಬಂದರೆ ಹೆಚ್ಚು.

ಪದದಿಂದಲೇ ಹೊರಡೋಣ. ಗ್ರೀಕಿನ ‘ಎಲ್ಪಿಸ್’ಗೆ ನಮ್ಮ ಸಭೆಗಳು ಬಹುಕಾಲದಿಂದ ಓದಿಕೊಂಡು ಬಂದಿರುವ ಕನ್ನಡ ಸತ್ಯವೇದ ಕೊಟ್ಟ ಪದ ‘ನಿರೀಕ್ಷೆ’. ‘ಆಸೆ’ ಎನ್ನಬಹುದಿತ್ತು. ಆದರೆ ಕನ್ನಡದಲ್ಲಿ ಆಸೆಗೆ ಒಳ್ಳೆಯ ಹೆಸರಿಲ್ಲ. ದುಃಖಕ್ಕೆಲ್ಲ ಅದೇ ಮೂಲವೆಂದು ಎಳವೆಯಿಂದಲೇ ಕೇಳಿದ್ದೇವೆ, ಶರಣರೂ ದಾಸರೂ ಅದರ ಮೇಲೆ ಸಾಕಷ್ಟು ಕಿಡಿಕಾರಿದ್ದಾರೆ. ನಿರೀಕ್ಷೆಯ ಗುಣ ಬೇರೆ. ಅದರೊಳಗಿರುವುದು ‘ಈಕ್ಷ್’, ನೋಡು, ಎಂಬ ಧಾತು. ಕಾಯುವುದಕ್ಕೆ ನಾವು ‘ದಾರಿ ನೋಡುವುದು’ ಎಂದೇ ಅನ್ನುತ್ತೇವಲ್ಲ. ಶಬರಿ ಮಾಡಿದ್ದು ಅದನ್ನೇ: ಬರುವವನ ದಾರಿ ನೋಡುತ್ತಲೇ ಅಂಗಳ ಗುಡಿಸಿದಳು, ಹಣ್ಣು ಆರಿಸಿದಳು. ‘ಎಲ್ಲ ಸರಿಹೋಗುತ್ತೆ ಬಿಡಿ’ ಎನ್ನುವ ಆಶಾವಾದ ಒಂದು ಲೆಕ್ಕಾಚಾರ. ಲೆಕ್ಕ ತಪ್ಪಿದ ದಿನ ಅದು ಕುಸಿಯುತ್ತದೆ. ದಾರಿ ನೋಡುವವರಿಗೆ ಲೆಕ್ಕ ಗೊತ್ತಿಲ್ಲ. ಕಣ್ಣು ಮುಚ್ಚಿಲ್ಲ, ಕೈ ಸುಮ್ಮನಿಲ್ಲ, ಅಷ್ಟೆ. ಅಂದಹಾಗೆ ‘ಆರಾಧನೆ’ ಎಂಬ ಪದವೂ ಕನ್ನಡಿಗರಿಗೆ ಸಾವನ್ನು ಬಲ್ಲ ಪದ. ರಾಯರ ಆರಾಧನೆ ಎಂದರೆ ಅವರು ವೃಂದಾವನಸ್ಥರಾದ ದಿನದ ನೆನಪು.

ಈಗ ಕೀರ್ತನೆಗಳ ಪುಸ್ತಕ ತೆರೆಯಿರಿ. ಯೆಹೂದ್ಯರಿಗೂ ಕ್ರೈಸ್ತರಿಗೂ ಅದು ಪ್ರಾರ್ಥನೆಯ ಮೂಲ ಪಾಠ. ಅದರ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗೂ ಮೀರಿ ಗೋಳಿನ ಹಾಡುಗಳು. ದೇವರೇ ನಿದ್ದೆಹೋದೆಯಾ, ಇನ್ನೆಷ್ಟು ದಿನ, ಮುಖ ಯಾಕೆ ಮರೆಸಿಕೊಂಡೆ ಎಂದು ಜಗಳಕ್ಕೆ ನಿಲ್ಲುವ ಹಾಡುಗಳು. ಇವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ, ನಿಜ. ಆದರೆ 88ನೆಯದು ತಿರುಗುವುದಿಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಸಂಕಲಿಸಿದವರಿಗೆ ಒಂದು ಸಮಾಧಾನದ ಸಾಲು ಸೇರಿಸುವುದು ಕಷ್ಟವಿರಲಿಲ್ಲ. ಸೇರಿಸಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಕೂಡ ಸ್ವಂತ ಮಾತಲ್ಲ, 22ನೇ ಕೀರ್ತನೆಯ ಮೊದಲ ಪ್ರಶ್ನೆ, ಕೈಬಿಟ್ಟದ್ದು ಯಾಕೆ ಎಂಬುದು. ಸಾಯುವ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಚಿಕ್ಕಂದಿನಿಂದ ಪಾಠವಾಗಿದ್ದ ಗೋಳು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ‘ಪ್ರಲಾಪಗಳು’ ಎಂಬ ಐದೇ ಅಧ್ಯಾಯಗಳ ಪುಸ್ತಕ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬಾಬಿಲೋನಿನ ಸೇನೆ ಜೆರುಸಲೇಮನ್ನು ಸುಟ್ಟು ದೇವಾಲಯವನ್ನು ಕೆಡವಿದ ಮೇಲಿನ ಗೋಳಾಟ ಅದು. ಹೀಬ್ರೂ ಅಕ್ಷರಗಳು 22. ಮೊದಲ ಎರಡು ಅಧ್ಯಾಯ ಮತ್ತು ನಾಲ್ಕನೆಯದರಲ್ಲಿ ವಚನಗಳೂ ಇಪ್ಪತ್ತೆರಡೇ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಹೊರಡುತ್ತದೆ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು, ಒಟ್ಟು 66. ಅ ಇಂದ ಳ ವರೆಗೆ ಅತ್ತ ಹಾಗೆ. ಊರು ಬೂದಿಯಾಗಿ ಬಿದ್ದಿರುವಾಗ ಹೀಗೆ ಕಾಗುಣಿತ ಹಿಡಿದು ಕೂತವರು ಯಾರು ಎಂದು ಆಶ್ಚರ್ಯವಾಗುತ್ತದೆ. ಆದರೆ ಸಾವಿನ ಮನೆಯಲ್ಲಿ ಕೂತು ಬಂದವರಿಗೆ ಇದು ಅರ್ಥವಾದೀತು: ಗೊತ್ತುಗುರಿಯಿಲ್ಲದ ಸಂಕಟಕ್ಕೆ ಒಂದು ಅಂಚು ಕಟ್ಟದಿದ್ದರೆ ಮನುಷ್ಯ ಅದರಲ್ಲಿ ಮುಳುಗಿಹೋಗುತ್ತಾನೆ. ನಮ್ಮ ಹೆಂಗಸರ ಅಳುವ ಹಾಡುಗಳಿಗೂ ಧಾಟಿ ಇರುತ್ತಿತ್ತಲ್ಲ. ಕೊನೆಯ ಅಧ್ಯಾಯದಲ್ಲೂ 22 ವಚನಗಳಿವೆ, ಆದರೆ ಅಕ್ಷರಗಳ ಸಾಲು ಅಲ್ಲಿ ಮುರಿದುಬಿದ್ದಿದೆ. ಅಂಚು ಉಳಿದಿದೆ, ಹೆಣಿಗೆ ಬಿಚ್ಚಿಹೋಗಿದೆ. ದೇವರ ಕರುಣೆ ಬೆಳಗುಬೆಳಗೂ ಹೊಸದು ಎಂಬ, ಕ್ರೈಸ್ತರು ಗೋಡೆಗೆ ತೂಗುಹಾಕುವ ಮಾತು ಇರುವುದು ಇದೇ ಪುಸ್ತಕದಲ್ಲಿ, ಮೂರನೇ ಅಧ್ಯಾಯದ ನಡುವಿನಲ್ಲಿ. ಸುತ್ತ ನಾಲ್ಕೂ ಕಡೆ ಹೊಗೆ. ನವೀಕರಣ ಎಂಬುದರ ವಿಳಾಸ ಅದು. ಗೋಡೆಯ ಫಲಕದಲ್ಲಿ ಆ ಹೊಗೆ ಕಾಣಿಸುವುದಿಲ್ಲ.

1986ರಲ್ಲಿ ಅಮೆರಿಕದ ಬೈಬಲ್ ವಿದ್ವಾಂಸ ವಾಲ್ಟರ್ ಬ್ರೂಗಮನ್ ಒಂದು ಪ್ರಬಂಧ ಬರೆದ. ಆರಾಧನೆಯಿಂದ ಗೋಳು ಮಾಯವಾದರೆ ಸಭೆ ಬಹಳ ದುಬಾರಿ ಬೆಲೆ ತೆರಬೇಕಾಗುತ್ತದೆ ಎಂಬುದು ಅವನ ವಾದ. ದೇವರನ್ನೇ ಪ್ರಶ್ನಿಸಲು ಬಾರದವರು ನ್ಯಾಯದ ಪ್ರಶ್ನೆಯನ್ನು ಬೇರೆಲ್ಲೂ ಎತ್ತಲಾರರು. ಸ್ತುತಿ ಮಾತ್ರ ಕಲಿತ ಬಾಯಿ ಇದ್ದದ್ದನ್ನು ಇದ್ದಂತೆಯೇ ಒಪ್ಪಿಕೊಳ್ಳುತ್ತದೆ. ನಮ್ಮ ನಗರಗಳ ದೊಡ್ಡ ಸಭಾಂಗಣಗಳನ್ನು ನೋಡಿದಾಗ ನನಗೆ ಈ ವಾದ ನೆನಪಾಗುತ್ತದೆ. ಎಲ್‌ಇಡಿ ಪರದೆ, ಡ್ರಮ್ಮು, ಬಣ್ಣದ ಹೊಗೆ. ‘ವರ್ಷಿಪ್’ ಎಂದರೆ ಅಲ್ಲಿ ಹಾಡಿನ ಇಪ್ಪತ್ತು ನಿಮಿಷ. ಆಮೇಲೆ ಸಾಕ್ಷಿ. ಕಾಯಿಲೆ ವಾಸಿಯಾದವರು, ಸಾಲ ತೀರಿದವರು, ವೀಸಾ ಸಿಕ್ಕವರು ಮೈಕಿನ ಮುಂದೆ ಬರುತ್ತಾರೆ. ವಾಸಿಯಾಗದವರ ಸಾಕ್ಷಿಗೆ ಮೈಕಿಲ್ಲ. ಮಗುವನ್ನು ಮಣ್ಣುಮಾಡಿ ತಿಂಗಳಾಗದ ತಾಯಿಯೊಬ್ಬಳು ಹಿಂದಿನ ಸಾಲಿನಲ್ಲಿ ಕೂತಿದ್ದರೆ ಅವಳು ಬಾಯಿ ತೆರೆಯಬಹುದಾದ ಒಂದು ಹಾಡೂ ಆ ಇಪ್ಪತ್ತು ನಿಮಿಷದಲ್ಲಿ ಇರುವುದಿಲ್ಲ. ನಿನ್ನ ನಂಬಿಕೆ ಸಾಲದು ಎಂದು ಯಾರೂ ಅವಳಿಗೆ ಹೇಳಬೇಕಾಗಿಲ್ಲ, ಆ ಏರ್ಪಾಟೇ ಹೇಳುತ್ತದೆ.

ಹೀಗೆಂದ ಮಾತ್ರಕ್ಕೆ ಗಿಟಾರು ಕೆಟ್ಟದ್ದು, ಆರ್ಗನ್ನು ಒಳ್ಳೆಯದು ಎಂದು ತೀರ್ಮಾನಿಸಬೇಡಿ. ಬೆಂಗಳೂರಿನ ಅಂಚಿನ ಬಾಡಿಗೆ ಕೋಣೆಗಳಲ್ಲಿ ತಗಡಿನ ಚಾವಣಿಯ ಕೆಳಗೆ ಸೇರುವ ಪೆಂಟೆಕೋಸ್ಟಲ್ ಸಭೆಗಳಿವೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರು, ಗಾರೆ ಕೆಲಸದವರು ಅಲ್ಲಿ ಒಟ್ಟಿಗೇ ಗಟ್ಟಿಯಾಗಿ, ಅವರವರ ಮಾತಿನಲ್ಲಿ, ಅತ್ತುಕೊಂಡು ಪ್ರಾರ್ಥಿಸುತ್ತಾರೆ. ಹೊರಗೆ ನಿಂತವರಿಗೆ ಅದು ಬರೀ ಗದ್ದಲ. ಆದರೆ ಕೀರ್ತನೆಗಾರರ ಗೋಳಿಗೆ ಆ ಗದ್ದಲವೇ ಹತ್ತಿರ. ನಾಲ್ಕು ಧ್ವನಿಗಳಲ್ಲಿ ನುಣುಪಾಗಿ ಹಾಡುವ ನಮ್ಮ ಹಳೆಯ ಸಭೆಗಳ ಗಾಯನವೃಂದ ದೂರ. ಮನೆಯಲ್ಲೂ ಫ್ಯಾಕ್ಟರಿಯಲ್ಲೂ ದನಿ ಎತ್ತಲಾಗದವರಿಗೆ ದನಿ ಎತ್ತುವ ಜಾಗ ಅದೊಂದೇ.

ಅಳುವುದು ಎಂದಾಗ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೂ ಏಳುತ್ತದೆ. ಎರಡನೇ ವ್ಯಾಟಿಕನ್ ಸಮ್ಮೇಳನ 1963ರ ಡಿಸೆಂಬರ್ 4ರಂದು ಆರಾಧನೆಯ ಬಗೆಗಿನ ತನ್ನ ಸಂವಿಧಾನವನ್ನು ಹೊರಡಿಸುವ ತನಕ ಕಥೊಲಿಕರ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಆಮೇಲೆ ಬೆಂಗಳೂರಿನ ದೇವಾಲಯಗಳಲ್ಲಿ ಕನ್ನಡಕ್ಕೆ ಎಷ್ಟು ಪೂಜೆ, ತಮಿಳಿಗೆ ಎಷ್ಟು, ಇಂಗ್ಲಿಷಿಗೆ ಎಷ್ಟು ಎಂಬ ಜಗಳ ದಶಕಗಟ್ಟಲೆ ನಡೆಯಿತು. ಹೊರಗಿನವರಿಗೆ ಅದು ರಾಜಕೀಯವಾಗಿ ಕಂಡಿತು, ರಾಜಕೀಯವೂ ಇತ್ತು. ಆದರೂ ಪಾಪನಿವೇದನೆಯನ್ನು, ಸತ್ತವರಿಗಾಗಿ ಬೇಡಿಕೆಯನ್ನು ಅಮ್ಮನ ಮಾತಿನಲ್ಲಿ ಹೇಳಿಕೊಳ್ಳಬೇಕೆಂಬ ಹಸಿವನ್ನು ಬರೀ ರಾಜಕೀಯ ಎಂದು ತಳ್ಳಿಹಾಕುವವರಿಗೆ ಪ್ರಾರ್ಥನೆಯೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ.

ಇನ್ನು ಹಳೆಯ ಆಕ್ಷೇಪ. 1844ರಲ್ಲಿ ಪ್ರಕಟವಾದ ಬರಹದಲ್ಲಿ ಮಾರ್ಕ್ಸ್ ಧರ್ಮವನ್ನು ಅಫೀಮು ಎಂದ. ನೋವು ಮರೆಸುತ್ತದೆ, ನೋವಿನ ಕಾರಣವನ್ನು ಮುಟ್ಟುವುದಿಲ್ಲ. ಅದೇ ಬರಹದಲ್ಲಿ ಅವನು ಶೋಷಿತರ ನೋವಿನ ದನಿಯೂ ಧರ್ಮದಲ್ಲಿದೆ ಎಂದು ಒಪ್ಪಿದ್ದನ್ನು ಭಕ್ತರು ಸಂತೋಷದಿಂದ ನೆನಪಿಸುತ್ತಾರೆ. ಅಷ್ಟಕ್ಕೇ ಆಕ್ಷೇಪ ಬಿದ್ದುಹೋಗುವುದಿಲ್ಲ. ಗೋಳಿಲ್ಲದ ಆರಾಧನೆಯ ಬಗ್ಗೆ ಮಾರ್ಕ್ಸ್ ಹೇಳಿದ್ದು ಪೂರ್ತಿ ಸರಿ ಎಂದೇ ನನ್ನ ಎಣಿಕೆ. ಗೋಳನ್ನು ಉಳಿಸಿಕೊಂಡ ಆರಾಧನೆಯ ಕಥೆ ಬೇರೆ. 1955ರ ಡಿಸೆಂಬರ್ 5ರ ಸಂಜೆ ಅಮೆರಿಕದ ಮಾಂಟ್ಗೊಮರಿಯ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 26 ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಮಾತಿಗೆ ನಿಂತಾಗ, ಎದುರಿಗಿದ್ದವರು ಗುಲಾಮಗಿರಿಯ ಕಾಲದಿಂದ ಗೋಳನ್ನು ಹಾಡಿಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು. ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ 381 ದಿನ ಅವರು ಬಸ್ಸು ಹತ್ತಲಿಲ್ಲ, ನಡೆದರು. ಆ ಕಾಲುಗಳಿಗೆ ದಮ್ಮು ಕೊಟ್ಟದ್ದು ಚರ್ಚುಗಳಲ್ಲಿ ಮತ್ತೆ ಮತ್ತೆ ಸೇರುತ್ತಿದ್ದ ಸಭೆಗಳು. ಅವುಗಳಲ್ಲಿ ಹಾಡು ಯಾವುದು, ಪ್ರಾರ್ಥನೆ ಯಾವುದು, ಚಳವಳಿಯ ವರದಿ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ಲೈಪ್ಜಿಗ್‌ನ ಪ್ರಸಂಗ ನನಗೆ ಇನ್ನೂ ಹೆಚ್ಚು ಹೇಳುತ್ತದೆ. ಅಲ್ಲಿ ವೀರಾವೇಶವಿರಲಿಲ್ಲ, ವಾರದ ಅಭ್ಯಾಸವಿತ್ತು. ಪೂರ್ವ ಜರ್ಮನಿಯ ಆ ಊರಿನ ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದಕ್ಕೆ ಶಾಂತಿಗಾಗಿ ಪ್ರಾರ್ಥನೆ. ಎಷ್ಟೋ ಸೋಮವಾರ ಬಂದವರು ಬೆರಳೆಣಿಕೆಯ ಜನ. ದೇಶದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಬುದ್ಧಿವಂತರು ಯಾರಾದರೂ ಇದನ್ನು ನಿಲ್ಲಿಸಿಬಿಡುತ್ತಿದ್ದರು. 1989ರ ಅಕ್ಟೋಬರ್ 9ರ ಸೋಮವಾರ ಆಳುವ ಪಕ್ಷದ ನೂರಾರು ಸದಸ್ಯರಿಗೆ ಮೊದಲೇ ಹೋಗಿ ಚರ್ಚಿನ ಬೆಂಚುಗಳನ್ನು ತುಂಬಿಕೊಳ್ಳುವಂತೆ ಅಪ್ಪಣೆಯಾಗಿತ್ತು. ಅವರೂ ಕೂತು ಪ್ರಾರ್ಥನೆ ಕೇಳಬೇಕಾಯಿತು. ಹೊರಗೆ ಪೊಲೀಸರು, ಸೈನಿಕರು. ಪ್ರಾರ್ಥನೆ ಮುಗಿದಾಗ ಬೀದಿಯಲ್ಲಿ ಸುಮಾರು 70,000 ಜನ. ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು. ಪ್ರಾರ್ಥನೆಯಿಂದಲೇ ಗೋಡೆ ಬಿತ್ತು ಎಂದು ನಾನು ಹೇಳಲಾರೆ. ಮಾಸ್ಕೋದ ರಾಜಕಾರಣ, ಹಂಗೇರಿ ತೆರೆದ ಗಡಿ, ಕುಸಿದ ಆರ್ಥಿಕತೆ ಎಲ್ಲವೂ ಸೇರಿದ್ದವು. ನನಗೆ ಮುಖ್ಯವಾದದ್ದು ಆ ಏಳು ವರ್ಷಗಳ ಖಾಲಿ ಸೋಮವಾರಗಳು. ಚರ್ಚಿನ ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಆ ರಾತ್ರಿಯ ಬಗ್ಗೆ ಒಂದು ಸಣ್ಣ ಸಂಗತಿ ಹೇಳುತ್ತಿದ್ದ: ಉರಿಯುವ ಮೇಣದಬತ್ತಿ ಹಿಡಿದು ಗಾಳಿಯಲ್ಲಿ ನಡೆಯುವವರಿಗೆ ಎರಡೂ ಕೈ ಬೇಕು, ಒಂದು ಹಿಡಿಯಲು, ಇನ್ನೊಂದು ಮರೆಮಾಡಲು. ಕಲ್ಲು ಎತ್ತಿಕೊಳ್ಳಲು ಕೈ ಬಿಡುವಿರುವುದಿಲ್ಲ.

ಹಾಗಾದರೆ ಹೊಸತನ ಎಲ್ಲಿ? ವಾರವಾರ ಅದೇ ಪ್ರಾರ್ಥನೆ, ಅದೇ ಪಾಪನಿವೇದನೆ, ಅದೇ ರೊಟ್ಟಿ ಮುರಿಯುವುದು. ಇದು ಯಾಂತ್ರಿಕವಲ್ಲವೇ ಎಂದು ಕೇಳುವವರಿದ್ದಾರೆ. ಯಾಂತ್ರಿಕವಾಗುವುದುಂಟು. ನಾಲಿಗೆ ಹೇಳುತ್ತಿರುತ್ತದೆ, ಮನಸ್ಸು ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತದೆ. ಆದರೆ ಸಂಗೀತ ಕಲಿಯುವವರು ದಿನಾ ಬೆಳಿಗ್ಗೆ ಸರಳೆ ವರಸೆ ಹಾಡುವುದು ಹೊಸ ವಿಷಯ ತಿಳಿಯಲಿಕ್ಕಲ್ಲ. ಕಚೇರಿಯಲ್ಲಿ ಎದೆ ಡವಗುಟ್ಟುವಾಗ ಗಂಟಲು ತಾನಾಗಿ ಶ್ರುತಿ ಸೇರಲಿ ಎಂದು. ಪ್ರಾರ್ಥನೆಯ ಪಾಠವೂ ಹಾಗೆ. ನಂಬಲು ಆಗದ ದಿನಕ್ಕಾಗಿ ಅದನ್ನು ನಂಬಿಕೆ ಇರುವ ದಿನಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ದುಃಖದಲ್ಲಿರುವವರನ್ನು ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ ಎಂದು ಕೇಳುವುದು ಎಷ್ಟೋ ಸಲ ಕ್ರೌರ್ಯ; ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಆಗ ಪಕ್ಕದವರು ಹೇಳುತ್ತಿರುವ ಸಾಲಿಗೆ ತುಟಿ ಜೋಡಿಸಿದರೆ ಸಾಕು. ಸಾಲು ಅವರನ್ನು ಹೊತ್ತುಕೊಂಡು ನಡೆಯುತ್ತದೆ.

ಪಕ್ಕದವರು ಎಂದೆ. ಅವರಿಲ್ಲದ ಒಂದು ಈಸ್ಟರನ್ನು ನಾವು ನೋಡಿದ್ದೇವೆ: ಕೋವಿಡ್ ಲಾಕ್‌ಡೌನಿನ ನಡುವೆ ಬಂದ 2020ರ ಏಪ್ರಿಲ್ 12. ಅದಕ್ಕೂ ಹದಿನಾರು ದಿನ ಮೊದಲು, ಮಾರ್ಚ್ 27ರ ಸಂಜೆ, ರೋಮಿನ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ಲೋಕವೆಲ್ಲ ಟಿವಿಯಲ್ಲಿ ಕಂಡಿತು. ಇಡೀ ಜಗತ್ತಿಗೇ ಅದೊಂದು ಉದ್ದನೆಯ ಶನಿವಾರ. ನಮ್ಮ ಮನೆಗಳಲ್ಲಿ ಸ್ಟೀಲ್ ಲೋಟಕ್ಕೆ ಒರಗಿಸಿದ ಮೊಬೈಲಿನ ಮುಂದೆ ಎರಡು ಬತ್ತಿ ಹಚ್ಚಿ ಕೂತೆವು. ಉಪದೇಶ ಸ್ಪಷ್ಟವಾಗಿ ಕೇಳುತ್ತಿತ್ತು, ದೇವಾಲಯದಲ್ಲಿ ಕೇಳುವುದಕ್ಕಿಂತಲೂ ಚೆನ್ನಾಗಿ. ಆದರೂ ಏನೋ ಇರಲಿಲ್ಲ. ಹಿಂದಿನ ಬೆಂಚಿನ ಮುದುಕರ ಕೆಮ್ಮು, ಶ್ರುತಿ ತಪ್ಪಿಸಿ ಹಾಡುವ ನೆರೆಯವರು, ಅಂಗೈ ಮೇಲೆ ಬೀಳುವ ರೊಟ್ಟಿಯ ತೂಕ. ಆರಾಧನೆ ಎಂದರೆ ಕಿವಿಗೆ ಬೀಳುವ ಸಂದೇಶ ಎಂದುಕೊಂಡಿದ್ದವರಿಗೆ ಅದು ಮೈಯಿಂದ ಮಾಡುವ ಕೆಲಸ ಎಂದು ಗೊತ್ತಾದದ್ದು ಆಗ.

ಮೈಯ ಮಾತು ಬಂದಮೇಲೆ ಜಾತಿಯ ಮಾತು ಆಡದೆ ಗತಿಯಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಕರ್ನಾಟಕದ ಸಿಎಸ್‌ಐ ಸಭೆಗಳೆಲ್ಲ ಇದರ ಮಕ್ಕಳು. 1950ರಲ್ಲಿ ಅದು ಸಿದ್ಧಪಡಿಸಿದ ಕರ್ತನ ಭೋಜನದ ವಿಧಿಯಲ್ಲಿ ಸುರಿಯಾನಿ ಕ್ರೈಸ್ತರಿಂದ ಪಡೆದ ಒಂದು ಸಣ್ಣ ಕ್ರಿಯೆ ಇದೆ. ಪೀಠದ ಬಳಿಯಿಂದ ಹೊರಟ ಸಮಾಧಾನವನ್ನು ಸಭಿಕರು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾರೆ, ಅಂಗೈಗಳ ನಡುವೆ ಅಂಗೈ ಇಟ್ಟು. ಮುಂದೆ ಪಶ್ಚಿಮದ ಚರ್ಚುಗಳೂ ಇದನ್ನು ಗಮನಿಸಿ ಕಲಿತವು. ಅವರಿಗೆ ಅದು ಆತ್ಮೀಯತೆಯ ಸನ್ನೆ. ಮುಟ್ಟುವುದೇ ಮೈಲಿಗೆಯಾಗಿದ್ದ ನಾಡಿನಲ್ಲಿ ಅದರ ಅರ್ಥವೇ ಬೇರೆ. ಕೂಲಿಯವನ ಅಂಗೈ ಮೇಷ್ಟರ ಅಂಗೈಗೆ ದೇವರ ಸಮಾಧಾನವನ್ನು ಕೊಡಬೇಕು; ಕೊಡದಿದ್ದರೆ ಅದು ಮುಂದಿನ ಸಾಲಿಗೆ ಹೋಗುವುದೇ ಇಲ್ಲ.

ಆದರೆ ಆ ಕೈಗಳು ದೇವಾಲಯದ ಹೊರಗೆ ಎಲ್ಲಿ ನಿಲ್ಲುತ್ತವೆ ಎಂಬುದನ್ನು ನಾವು ಬಲ್ಲೆವು. ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಉಳಿದವರಿಂದ ಬೇರ್ಪಡಿಸುವ ಗೋಡೆಯೇ ಎದ್ದಿದೆ. ಮದುವೆಯ ಮಾತುಕತೆಯಲ್ಲಿ ‘ಮೊದಲು ಯಾರು’ ಎಂದು ವಿಚಾರಿಸುವುದು ಕರ್ನಾಟಕದ ಕ್ರೈಸ್ತರಿಗೂ ಹೊಸದಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಮೊಳೆಯಿತು. ದೇವರ ಬಗ್ಗೆ ಮೇಲ್ಜಾತಿಯ ಚಿಂತನೆಯಿಂದ ಎರವಲು ತಂದ ಮಾತುಗಳು ಸಾಕು, ನಮ್ಮ ಸಂಕಟದಿಂದ ಶುರುಮಾಡೋಣ ಎಂಬುದು ಅದರ ಒತ್ತಾಯ. ಇದು ಹೊರಗಿನಿಂದ ಬಂದ ಟೀಕೆಯಲ್ಲ, ಆರಾಧನೆಯ ಒಳಗಿನಿಂದಲೇ ಎದ್ದ ಗೋಳು. ಒಂದನೇ ಶತಮಾನದ ಕೊರಿಂಥ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ತೇಗುತ್ತಿದ್ದರು, ತಡವಾಗಿ ಬಂದ ಕೂಲಿಯವರು ಹಸಿದಿರುತ್ತಿದ್ದರು. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಆ ಸಭೆಗೆ ಬರೆದು ತಿಳಿಸಿದ. ಸಂಗೀತ ಸರಿಯಿಲ್ಲ, ವಿಧಿ ತಪ್ಪಿದೆ ಎನ್ನಲಿಲ್ಲ. ಹಸಿದವರಿದ್ದಾರೆ ಎಂದ. ನಮ್ಮ ಆರಾಧನೆ ಭರವಸೆ ಕೊಡುತ್ತದೆಯೇ ಎಂದು ಕೇಳಬೇಕಾದದ್ದು ಗೋಡೆಯ ಆಚೆ ಮಣ್ಣಾದವರ ಮನೆಯವರನ್ನು.

ಶನಿವಾರಕ್ಕೆ ಮರಳುತ್ತೇನೆ. ಆ ರಾತ್ರಿಯ ಜಾಗರಣೆಗೆ ಒಂದು ವಿಚಿತ್ರ ಚರಿತ್ರೆಯಿದೆ. ಕತ್ತಲಲ್ಲಿ ಬೆಂಕಿ ಹೊತ್ತಿಸಿ ಬೆಳಕನ್ನು ಕೊಂಡಾಡುವ ಈ ವಿಧಿಯನ್ನು ಶತಮಾನಗಳ ಕಾಲ ಕಥೊಲಿಕ ಧರ್ಮಸಭೆ ಅನುಕೂಲಕ್ಕೆಂದು ಶನಿವಾರ ಬೆಳಿಗ್ಗೆಯೇ ಮುಗಿಸಿಬಿಡುತ್ತಿತ್ತು. ಬಿಸಿಲು ಹೊಡೆಯುತ್ತಿರುವಾಗ ಪಾದ್ರಿಗಳು ಈ ಪುಣ್ಯ ರಾತ್ರಿ ಎಂದು ಹಾಡುತ್ತಿದ್ದರು. ಕತ್ತಲನ್ನು ತಪ್ಪಿಸಿಕೊಳ್ಳುವ ಚಟ ಎಲ್‌ಇಡಿ ಪರದೆಗಿಂತ ಹಳೆಯದು! 1951ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಪ್ರಯೋಗವಾಗಿಯೂ 1955ರಲ್ಲಿ ಖಾಯಮ್ಮಾಗಿಯೂ ಅದನ್ನು ರಾತ್ರಿಗೆ ಮರಳಿಸಿದರು. ಎರಡು ಮಹಾಯುದ್ಧಗಳನ್ನು ಕಂಡ ಯೂರೋಪಿಗೆ ಆ ಹೊತ್ತಿಗೆ ಕತ್ತಲು ಗೊತ್ತಾಗಿತ್ತು. ಪ್ರಾಟೆಸ್ಟೆಂಟರಲ್ಲಿ ಈ ಹೊತ್ತನ್ನು ಬೇರೆ ರೀತಿ ಕಂಡುಕೊಂಡವರು ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ನರು. 1732ರ ಈಸ್ಟರ್ ದಿನ ಅವರು ಬೆಳಕು ಹರಿಯುವ ಮೊದಲೇ ತಮ್ಮ ಊರಿನ ಸ್ಮಶಾನಕ್ಕೆ ನಡೆದು ಗೋರಿಗಳ ನಡುವೆ ಹಾಡಿದರು. ನಸುಕಿನ ಈಸ್ಟರ್ ಆರಾಧನೆ ಈಗ ನಮ್ಮ ಊರುಗಳಲ್ಲೂ ರೂಢಿ.

ಮಾರ್ಕನ ಸುವಾರ್ತೆಯ ಅತಿ ಹಳೆಯ ಪ್ರತಿಗಳು ಮುಗಿಯುವ ರೀತಿ ನೋಡಿ. ಮೂವರು ಹೆಂಗಸರು ಯೇಸುವಿನ ಹೆಣಕ್ಕೆ ಹಚ್ಚುವ ಸುಗಂಧದ್ರವ್ಯ ಹಿಡಿದು ಬೆಳಗಿನಲ್ಲೇ ಹೊರಟಿದ್ದಾರೆ. ಪವಾಡ ಕಾಣಲಿಕ್ಕಲ್ಲ, ಮಾಡಬೇಕಾದ ಕೆಲಸ ಬಾಕಿಯಿದೆ. ಬಂಡೆ ಯಾರು ಉರುಳಿಸುತ್ತಾರೆ ಎಂಬುದೂ ಗೊತ್ತಿಲ್ಲ. ಸಮಾಧಿ ಖಾಲಿ ಎಂದು ತಿಳಿದು ಅವರು ಹೆದರಿ ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಜಯಘೋಷವಿಲ್ಲ.

ಜಾಗರಣೆಯ ರಾತ್ರಿ ದೇವಾಲಯದ ದೀಪಗಳನ್ನೆಲ್ಲ ಆರಿಸಿ ಹೊರಗೆ ಅಂಗಳದಲ್ಲಿ ಸೌದೆಗೆ ಬೆಂಕಿ ಹಾಕುತ್ತಾರೆ. ಆ ವರ್ಷದ ಅಂಕಿಗಳನ್ನು ಕೆತ್ತಿದ ದೊಡ್ಡ ಪಾಸ್ಖ ಬತ್ತಿಯನ್ನು ಅದರಿಂದ ಹೊತ್ತಿಸಿ ಕತ್ತಲ ದೇವಾಲಯದೊಳಗೆ ಒಯ್ಯುತ್ತಾರೆ. ಅದರಿಂದ ಒಬ್ಬರು, ಅವರಿಂದ ಪಕ್ಕದವರು. ನಮ್ಮ ಕಡೆ ಏಪ್ರಿಲ್ಲಿನ ರಾತ್ರಿಗಳಲ್ಲಿ ಮಳೆ ಬರುವ ಮುನ್ನ ಬೀಸುವ ಗಾಳಿ ಇರುತ್ತದೆ, ಬಾಗಿಲು ತೆರೆದೇ ಇರುತ್ತದೆ. ಎರಡು ಸಲ ಆರಿದ ಬತ್ತಿಯನ್ನು ಮೂರನೇ ಸಲ ಹೊತ್ತಿಸಿಕೊಳ್ಳುವ ಹುಡುಗನಿಗೆ ಅಜ್ಜಿ ಪಿಸುಗುಡುತ್ತಾಳೆ: ಇನ್ನೊಂದು ಕೈ ಅಡ್ಡ ಹಿಡಿ.